ಗಣಪತಿಗೆ ಕಣ್ಣು ಬರೆಯುವವಳ ಸಿಟ್ಟು

ನಾಳೆ ಚೌತಿ. ನಮ್ಮ ಮನೆ ಗಣಪತಿಗೆ ಇನ್ನೂ ಕಣ್ಣಿಲ್ಲ!

ಮಧ್ಯಾಹ್ನ ಊಟ ಮುಗಿಸಿ, ಮೂರ್ತಿ ರೆಡಿಯಾಯಿತಾ ನೋಡಿ ಬರೋಣ ಎಂದು ಹಳದೀಪುರದ ವಾಸಣ್ಣನ ಮನೆಗೆ ಹೋದರೆ ಕಂಡದ್ದು ಇದು. ಚಪ್ಪರದಡಿ ಹದಿನಾಲ್ಕು ಗಣಪತಿಗಳು ಸಾಲಾಗಿ ಕೂತಿವೆ. ಕಿರೀಟಕ್ಕೆ ಬಂಗಾರದ ಬಣ್ಣ ಬಿದ್ದಿದೆ, ಪಂಚೆಗೆ ಅಂಚು ಬಂದಿದೆ, ಇಲಿಗೆ ಮೀಸೆ ಕೂಡ ಬಂದಿದೆ. ಕಣ್ಣಿನ ಜಾಗ ಮಾತ್ರ ಬೆಳ್ಳಗೆ ಖಾಲಿ. ಸಂಜೆ ಐದಕ್ಕೆ ಜನ ಒಯ್ಯಲು ಬರುತ್ತಾರೆ.

ಬೇರೆ ಕಡೆಯಿಂದ ತಂದರಾಯಿತಲ್ಲ ಅನ್ನಬೇಡಿ. ನಮ್ಮಲ್ಲಿ ಅಂಗಡಿಗೆ ಹೋಗಿ 'ಅದು ಕೊಡಿ' ಎಂದು ಬೆರಳು ತೋರಿಸುವ ಪದ್ಧತಿ ಇಲ್ಲ. ನಾಗರಪಂಚಮಿ ಹೊತ್ತಿಗೇ ಮನೆಯ ಮಣೆಯನ್ನು ವೀಳ್ಯದ ಜೊತೆ ಮೂರ್ತಿ ಮಾಡುವವರಿಗೆ ಕೊಟ್ಟು ಬರಬೇಕು. ಅದೇ ಮಣೆಯ ಮೇಲೆ ನಮ್ಮ ಗಣಪತಿ ತಯಾರಾಗುತ್ತಾನೆ. ಅಜ್ಜನ ಕಾಲದಿಂದ ನಮ್ಮ ಮಣೆ ಹೋಗುವುದು ವಾಸಣ್ಣನ ಮನೆಗೇ. ಕಣ್ಣು ಬರೆಯುವುದು ಎಲ್ಲಕ್ಕಿಂತ ಕಡೆಯ ಕೆಲಸ, ಎಲ್ಲಕ್ಕಿಂತ ಕಷ್ಟದ ಕೆಲಸ.

ನಲವತ್ತು ವರ್ಷ ಅದನ್ನು ಬರೆದದ್ದು ವಾಸಣ್ಣನೇ. ಈ ಸಲ ಅವನ ಕಣ್ಣಿಗೇ ಆಪರೇಶನ್ ಆಗಿದೆ. ಕಪ್ಪು ಕನ್ನಡಕ ಹಾಕಿಕೊಂಡು ಜಗಲಿಯಲ್ಲಿ ಕೂತಿದ್ದ. ಹಾಗಾಗಿ ಕಣ್ಣಿನ ಕೆಲಸ ಮೊದಲ ಬಾರಿಗೆ ಮಗಳು ಪೂರ್ಣಿಮಾಳಿಗೆ ಬಂದಿದೆ. (ನಾನು ಅಕ್ಕೋರು, ಅಂದರೆ ಟೀಚರ್, ಆಗಿರುವ ಶಾಲೆಯಲ್ಲೇ ಕಲಿತವಳು. ಗಣಿತದ ನೋಟ್‌ಬುಕ್ಕಿನ ತುಂಬಾ ನನ್ನ ಮುಖ ಬರೆದು ಪೆಟ್ಟು ತಿಂದವಳು.)

ಎಲ್ಲಿ ಅವಳು? ಹಿತ್ತಿಲ ಬಾವಿಕಟ್ಟೆಯ ಮೇಲೆ ಕೂತು ಅಳುತ್ತಿದ್ದಳು.

“ಬೆಳಿಗ್ಗೆ ನಮ್ಮಲ್ಲಿ ಮೂರ್ತಿ ಒಯ್ಯೂ ಶಿರಾಲಿಯವ್ರು ಫೋನ್ ಮಾಡಿದ್ರು ಅಕ್ಕೋರೆ. ಈ ಸಲ ಕಣ್ಣು ಯಾರು ಬರೆಯೂದು ಹೇಳಿ ಕೇಳಿದ್ರು. ಅಪ್ಪ ಎಂತ ಹೇಳ್ದ ಗೊತ್ತಿದ್ಯಾ? ‘ಇವ್ಳೇ ಬರೀಬೇಕು, ಎಂತ ಮಾಡೂದು’ ಅಂದ. ಹತ್ತು ವರ್ಷ ಮಣ್ಣು ಕಲಸ್ದವ್ಳು ನಾನು, ಬಣ್ಣ ಹಚ್ಚಿದವ್ಳು ನಾನು. ‘ಎಂತ ಮಾಡೂದು’ ಅಂತೆ!”

ನನಗೂ ಸಿಟ್ಟು ಬಂತು. ಆದರೆ ಬಾಯಲ್ಲಿ ಬಂದದ್ದು ಮಾಮೂಲಿ ಉಪದೇಶ. “ಹೋಗ್ಲಿ ಬಿಡೇ. ಒಂದು ತಾಸು ಮಲ್ಗು. ಮೂಡ್ ಸರಿಯಾದ್ಮೇಲೆ ಬರೆದ್ರಾತು.”

ಜಗಲಿಯಿಂದ ವಾಸಣ್ಣನೂ ದನಿಗೂಡಿಸಿದ. “ನಾನೂ ಅದೇ ಹೇಳೂದು. ಮನ್ಸು ಸಮ ಇಲ್ದಾಗ ಕುಂಚ ಮುಟ್ಟಬಾರ್ದು. ಅಳ್ತಾ ಕಣ್ಣು ಬರೆದ್ರೆ ದೇವ್ರೂ ಅತ್ತಂಗೇ ಕಾಣ್ತಾನೆ.”

ವಾಸಣ್ಣ ಹಾಗೆ ಹೇಳುವುದಷ್ಟೇ ಅಲ್ಲ, ಹಾಗೇ ನಡೆದವನು. ಒಂದು ವರ್ಷ ಯಾರ ಮೇಲೋ ಸಿಟ್ಟಾಗಿ, ಚೌತಿಯ ದಿನ ಹತ್ತು ಗಂಟೆಯವರೆಗೆ ನಮ್ಮನ್ನೂ ಭಟ್ಟರನ್ನೂ ಕಾಯಿಸಿದ್ದ. ನಾವು ಬೈದೆವಾ? ಇಲ್ಲಪ್ಪ! 'ದೊಡ್ಡ ಕಲಾವಿದ, ಮೂಡ್ ಬರಬೇಕಲ್ಲ' ಎಂದು ಹೆಮ್ಮೆಯಿಂದ ಕಾದೆವು. ಅದೇ ಮಗಳು ಕಾಯಿಸಿದ್ದರೆ? ಸೊಕ್ಕು ಎನ್ನುತ್ತಿದ್ದೆವು.

ನಾನೇನು ಕಡಿಮೆ? ಕಳೆದ ತಿಂಗಳು ಒಂದು ವಾರ ಈ ಜಾಗದಲ್ಲಿ ನನ್ನ ಅಂಕಣ ಇರಲಿಲ್ಲ, ನೆನಪಿದೆಯಾ? (ಇಲ್ಲ ಅಂದರೆ ಬೇಜಾರಾಗುತ್ತದೆ.) ಸಂಪಾದಕರಿಗೆ ಜ್ವರ ಎಂದಿದ್ದೆ. ಜ್ವರವೂ ಇಲ್ಲ, ಮಣ್ಣೂ ಇಲ್ಲ. ಬರೆಯುವ ಮೂಡ್ ಇರಲಿಲ್ಲ, ಅಷ್ಟೆ. ಅದೇ ಸಂಜೆ ಪಕ್ಕದ ಮನೆಯವರ ಜೊತೆ ಎರಡು ತಾಸು ಹರಟುವ ಮೂಡ್ ಮಾತ್ರ ಭರ್ಜರಿಯಾಗಿತ್ತು!

ಪೂರ್ಣಿಮಾ ಎದ್ದಳು. ಬಾವಿಯಿಂದ ನೀರು ಸೇದಿ ಮುಖ ತೊಳೆದಳು.

“ಮನ್ಸು ಸಮ ಆಗೂದು ನಾಳೆಯೋ ನಾಡಿದ್ದೋ. ಜನ ಬರೂದು ಐದು ಗಂಟೆಗೆ” ಎಂದವಳೇ ಚಪ್ಪರದೊಳಗೆ ಹೋಗಿ, ಮೂಲೆಯಲ್ಲಿದ್ದ ಚಿಕ್ಕ ಗಣಪತಿಯನ್ನು ಮುಂದಕ್ಕೆಳೆದಳು. ಅದು ಅವರದೇ ಮನೆಯದು. ಹತ್ತು ನಿಮಿಷದಲ್ಲಿ ಕಣ್ಣು ಬರೆದು ಮುಗಿಸಿದಳು.

ಅಯ್ಯೋ ದೇವರೇ! ಹುಬ್ಬು ಗಂಟಿಕ್ಕಿದೆ. ದೃಷ್ಟಿ ನೆಟ್ಟಗೆ ಜಗಲಿಯ ಕಡೆಗೇ ಇದೆ. ಈಗ ಎದ್ದು ಬಂದು ಯಾರ ಕೆನ್ನೆಗಾದರೂ ಬಾರಿಸುತ್ತಾನೆ ಎನ್ನುವ ಹಾಗಿದ್ದಾನೆ ಗಣಪ.

“ಇದೆಂತದೇ?” ಎಂದೆ.

“ನನ್ ಸಿಟ್ಟು. ಇವ ನಮ್ಮನೆಯವ, ತಡ್ಕಳ್ತಾನೆ. ಇನ್ನು ಊರವ್ರದ್ದು ಬರೀತೆ.”

ನನಗೆ ನಗು ಬಂತು. ಅವಳು ನಗಲಿಲ್ಲ.

ಎರಡನೆಯದನ್ನು ಬರೆದಳು, ಬಿಳಿ ಬಣ್ಣ ಬಳಿದು ಅಳಿಸಿದಳು. ಮತ್ತೆ ಬರೆದಳು, ಮತ್ತೆ ಅಳಿಸಿದಳು. ವಾಸಣ್ಣ ಜಗಲಿಯಿಂದ ಕೆಮ್ಮಿದ. ಅವಳು ಆ ಕಡೆ ತಿರುಗಲೂ ಇಲ್ಲ. ನಾಲ್ಕನೆಯ ಮೂರ್ತಿಯ ಹೊತ್ತಿಗೆ ಕೈ ಕೂತಿತು. ಏಳನೆಯದು ನಮ್ಮ ಮನೆಯದು. ಹತ್ತಿರ ಹೋಗಿ ನೋಡಿದೆ. ಸಿಟ್ಟು ಹೋಗಿತ್ತು, ಆದರೆ ಬೆಳಗಿನ ನೋವು ಅವಳಲ್ಲಿ ಹಾಗೇ ಇತ್ತಲ್ಲ? ಅದು ಆ ಕಣ್ಣಿನೊಳಗೆ ಮರುಕವಾಗಿ ಬಂದು ಕೂತಿತ್ತು. 'ಏನಾಯ್ತು ಮಗಾ' ಎಂದು ಕೇಳುವಂತೆ ನೋಡುತ್ತಿದ್ದ ಗಣಪ.

ಹಾಗಾದರೆ ಮನಸ್ಸಿನ ಸ್ಥಿತಿ ಕಲೆಗೆ ಇಳಿಯುವುದಿಲ್ಲವೇ? ಇಳಿಯುತ್ತದೆ, ಖಂಡಿತ ಇಳಿಯುತ್ತದೆ. ವಾಸಣ್ಣ ಹೇಳಿದ್ದು ಸುಳ್ಳಲ್ಲ. ಆದರೆ ಖುಷಿಯಲ್ಲಿ ಮಾತ್ರ ಒಳ್ಳೆಯದು ಹುಟ್ಟುತ್ತದೆ ಎಂದವರು ಯಾರು? ಸಿಟ್ಟಿದ್ದರೆ ಮೊದಲು ಅದನ್ನೇ ಬರೆದು ಹಾಕಿ. ಕೆಟ್ಟದ್ದು ನಿಮ್ಮ ಮನೆಯಲ್ಲೇ ಇರಲಿ. ಕುಂಚ ಕೆಳಗಿಡಬೇಡಿ. ಪೆನ್ನಿನವರಿಗೂ ತಂಬೂರಿಯವರಿಗೂ ಇದೇ ಮಾತು. ನಾವು ಮೂಡ್ ಮೂಡ್ ಎಂದು ದೊಡ್ಡದಾಗಿ ಹೇಳುವುದರಲ್ಲಿ ಅರ್ಧಕ್ಕರ್ಧ ಸೋಮಾರಿತನ, ಉಳಿದರ್ಧ ಹೆದರಿಕೆ. (ನನ್ನ ಲೆಕ್ಕದಲ್ಲಿ ಸೋಮಾರಿತನವೇ ಜಾಸ್ತಿ.)

ಐದು ಗಂಟೆಗೆ ಶಿರಾಲಿಯ ಕಾರು ಬಂತು. ಇಳಿದವರು ನಿವೃತ್ತ ಅಧಿಕಾರಿ, ವಾಸಣ್ಣನ ಕಣ್ಣಿಗಾಗಿಯೇ ಅಷ್ಟು ದೂರದಿಂದ ಬರುವವರು. ತಮ್ಮ ಮೂರ್ತಿಯ ಮುಂದೆ ಬಗ್ಗಿ ನೋಡಿದರು. ಮುಖ ಅರಳಿತು.

“ಬೆಳಿಗ್ಗೆ ಮಗಳು ಬರೆಯೂದು ಅಂದ್ರಿ, ಆದ್ರೆ ಇದು ವಾಸಣ್ಣಂದೇ ಕೈ! ನಂಗೆ ಗೊತ್ತಾಗೂದಿಲ್ವಾ?”

ವಾಸಣ್ಣ ಕಪ್ಪು ಕನ್ನಡಕ ಸರಿಮಾಡಿಕೊಂಡ. ಸುಮ್ಮನಿದ್ದರೆ ಎಲ್ಲವೂ ಸಲೀಸು. ಗಿರಾಕಿಗೆ ಸಮಾಧಾನ, ಅಪ್ಪನಿಗೆ ಮರ್ಯಾದೆ.

“ಅಲ್ಲ, ನಂದು” ಎಂದಳು ಪೂರ್ಣಿಮಾ.

ವಾಸಣ್ಣ ಗೋಡೆ ಹಿಡಿದುಕೊಂಡು ಎದ್ದು ಬಂದ. ಕನ್ನಡಕ ಮೇಲೆತ್ತಿ, ಮೂರ್ತಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದ. ತುಂಬ ಹೊತ್ತು ನೋಡಿದ.

“ಎಡಗಣ್ಣು ಒಂಚೂರು ದೊಡ್ಡಾತು” ಎಂದ.

“ಆತು ಅಪ್ಪ. ಬರೂ ವರ್ಷ ಸಣ್ಣ ಬರೀತೆ.”

ಬರುವ ವರ್ಷ! ಕೇಳಿದ್ದಲ್ಲ, ಹೇಳಿದ್ದು. ವಾಸಣ್ಣ “ಹ್ಞೂಂ” ಎಂದ. ಆಮೇಲೆ ಶಿರಾಲಿಯವರ ಕಡೆ ತಿರುಗಿ, “ಮೆಲ್ಲ ಒಯ್ರಿ ಸಾಹೇಬ್ರೆ, ಬಣ್ಣ ಇನ್ನೂ ಹಸಿ ಅದೆ” ಎಂದ. ಪೂರ್ಣಿಮಾ ಆಗಲೇ ಬಣ್ಣ ಒಣಗಿದ ಮೂರ್ತಿಯೊಂದರ ಮುಖಕ್ಕೆ, ಒಯ್ಯುವವರಿಗೆ ಕೊಡಲು, ಬಟ್ಟೆ ಮುಚ್ಚುತ್ತಿದ್ದಳು.

ಮುಂದಿನ ಚೌತಿಯ ಹೊತ್ತಿಗೆ ತನ್ನ ಮೂಡ್ ಹೇಗಿರುತ್ತದೋ ಎಂದು ಅವಳು ಕೇಳಿಕೊಳ್ಳಲೇ ಇಲ್ಲ. ನಾವು ಮಾತ್ರ ದಿನಾ ಬೆಳಿಗ್ಗೆ ಎದ್ದು ಯಾಕೆ ಕೇಳಿಕೊಳ್ಳುತ್ತೇವೆ?