ಭಾವ ತಂದ ಭಾರೀ ಮೆಷಿನ್ನು

ಓಣಿಯವರು ನರ್ಸಮ್ಮ ಎನ್ನುತ್ತಿದ್ದ ಆಕೆಗೆ ಕೀವು, ರಕ್ತ, ವಾಂತಿ ಯಾವುದೂ ಹೇಸಿಗೆ ಹುಟ್ಟಿಸುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಅವುಗಳ ನಡುವೆಯೇ ಆಯುಸ್ಸು ಕಳೆದವಳು. ಹೇಸಿಗೆ ಹುಟ್ಟಿಸಿದ್ದು ಅಕ್ಕನ ಗಂಡ.

ನಿವೃತ್ತಿಯಾದ ಮೇಲೆ ಆಕೆ ಕಾರಿಲ್ಲದ ಕಾರ್ ಶೆಡ್ಡಿನಲ್ಲಿ ವೆಲ್ಡಿಂಗಿಗೆ ಕೈಹಾಕಿದಳು. ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದಿದ್ದರು. ಗೋಡೆಗೆ ಹಿಡಿಕಂಬಿ ಬೇಕಿತ್ತು. ಗ್ರಿಲ್ ಅಂಗಡಿಯವನು ಇವತ್ತು ನಾಳೆ ಎಂದು ಸತಾಯಿಸುತ್ತಿದ್ದ. ಸಣ್ಣ ವೆಲ್ಡಿಂಗ್ ಮೆಷಿನ್ ಕೊಳ್ಳುತ್ತೇನೆಂದು ಭಾವನ ಮುಂದೆ ಬಾಯಿಬಿಟ್ಟಿದ್ದೇ ತಪ್ಪಾಯಿತು. ಮಾರನೆಯ ದಿನವೇ ಅವನು ಯಾವುದೋ ಕಾರ್ಖಾನೆಯ ಹಳೆಯ ಮೆಷಿನ್ನನ್ನು ಟೆಂಪೋದಲ್ಲಿ ತಂದಿಳಿಸಿದ.

ಎಮ್ಮೆಯಂಥ ಗಾತ್ರ. ತಳದಿಂದ ಕರಿ ಎಣ್ಣೆ ಜಿನುಗುತ್ತಿತ್ತು. ಸಂದಿಯಲ್ಲೆಲ್ಲ ಇಲಿ ಹಿಕ್ಕೆ, ಗಬ್ಬು ನಾತ. ಭಾವ ಎಣ್ಣೆಗೈಯನ್ನು ಒಣಹಾಕಿದ್ದ ಅಮ್ಮನ ಟವೆಲ್ಲಿಗೇ ಒರೆಸಿಕೊಂಡ.

ಹಿಡಿಕಂಬಿಗೆಂದು ತಂದಿಟ್ಟ ಪೈಪು ತೆಳ್ಳಗಿದೆ, ಇಷ್ಟು ಕರೆಂಟು ತಡೆಯುವುದಿಲ್ಲ ಎಂದು ಆಕೆ ಹೇಳಿ ನೋಡಿದಳು.

"ತಗೊಳ್ಳೋದಾದ್ರೆ ದೊಡ್ಡದೇ ತಗೋಬೇಕು. ನಿಂಗೇನ್ ಗೊತ್ತಾಗತ್ತೆ ಇದೆಲ್ಲ," ಎಂದು ಭಾವ ಸ್ವಿಚ್ ಹಾಕಿದ.

ಮನೆಯ ದೀಪಗಳು ಮಂಕಾದವು. ಅವನು ವೆಲ್ಡಿಂಗ್ ರಾಡ್ ಮುಟ್ಟಿಸಿದ್ದೇ ತಡ, ಪೈಪಿನಲ್ಲಿ ಹೆಬ್ಬೆರಳು ತೂರುವಷ್ಟು ತೂತು. ಇನ್ನೊಂದು ಪೈಪಿಗೂ ಅದೇ ಗತಿ. ಆಮೇಲೆ ಫ್ಯೂಸ್ ಢಬ್ಬೆಂದಿತು. ಕಿಟಕಿಯಿಲ್ಲದ ಬಚ್ಚಲಿನ ಕತ್ತಲೆಯಿಂದ ಅಮ್ಮ ಕೂಗಿದರು. ಆಕೆ ಓಡಿ ಹೋಗಿ, ಗೋಡೆ ತಡಕಾಡುತ್ತಿದ್ದ ಅಮ್ಮನನ್ನು ಅಪ್ಪಿ ಹಿಡಿದು ಕರೆತಂದಳು. ಭಾವ ಮಾತ್ರ ನಿಮ್ಮ ವೈರಿಂಗೇ ಸರಿಯಿಲ್ಲ ಎಂದು ಗೊಣಗುತ್ತ ನಿಂತಿದ್ದ.

"ಭಾವ, ಇದನ್ನ ಈಗಲೇ ತಗೊಂಡ್ ಹೋಗಿ."

"ಒಬ್ನೇ ಹೇಗೆ ಎತ್ಲಿ?"

"ತಂದೋರು ನೀವೇ. ಹೋಗೋ ತನಕ ನಾನಿಲ್ಲೇ ನಿಂತಿರ್ತೀನಿ."

ಟೆಂಪೋ ಮತ್ತೆ ಬಂತು. ನೆಲದ ಎಣ್ಣೆ ಕಲೆ ಎಷ್ಟು ಉಜ್ಜಿದರೂ ಹೋಗಲಿಲ್ಲ.

ಆಮೇಲೆ ಆಕೆ ಪೈಪಿನ ದಪ್ಪ ಅಳೆಸಿದಳು. ಮನೆಯ ದೊಡ್ಡ ಪ್ಲಗ್ಗು ಎಷ್ಟು ಕರೆಂಟು ತಡೆಯುತ್ತದೆಂದು ಎಲೆಕ್ಟ್ರಿಷಿಯನ್ನನ್ನು ಕೇಳಿದಳು. ಅವೆರಡಕ್ಕೂ ಒಗ್ಗುವ, ಹೆಗಲಿಗೆ ತೂಗುಹಾಕಿಕೊಳ್ಳಬಹುದಾದ ಪುಟ್ಟ ಇನ್ವರ್ಟರ್ ವೆಲ್ಡಿಂಗ್ ಮೆಷಿನ್ ತಂದಳು. ಕರೆಂಟು ತಗ್ಗಿಸಿ ತುಂಡು ಪೈಪುಗಳ ಮೇಲೆ ಕೈ ಪಳಗಿಸಿಕೊಂಡಳು. ಮೊದಮೊದಲ ಬೆಸುಗೆ ಕಾಗೆ ಹಿಕ್ಕೆಯ ಹಾಗಿತ್ತು. ಉಜ್ಜಿ ತೆಗೆದು ಮತ್ತೆ ಹಾಕಿದಳು. ಕಂಬಿ ಕೂರಿಸಿ, ಮೊದಲು ತಾನೇ ಜೋತುಬಿದ್ದು ನೋಡಿದಳು. ಅಮ್ಮ ಯಾರ ಆಸರೆಯೂ ಇಲ್ಲದೆ ಸ್ನಾನ ಮಾಡಿ ಬಂದರು.

ಮುಂದಿನ ವಾರ ನೆಂಟರನ್ನು ಕಟ್ಟಿಕೊಂಡು ಬಂದ ಭಾವ ಕಂಬಿಯನ್ನು ಸವರುತ್ತ, "ನಾವೇ ಮಾಡಿದ್ದು," ಎಂದ. ಅಕ್ಕ ತಲೆಯಾಡಿಸಿದಳು. ಅವರು ಹೋದ ಮೇಲೆ ಆಕೆ ಕಂಬಿಗೆ ಸೋಪು ಹಚ್ಚಿ, ಅವನು ಮುಟ್ಟಿದ ಕಡೆಯೆಲ್ಲ ತಿಕ್ಕಿದಳು.