ಮೂರು ಕೆಂಪು ಪಟ್ಟೆ, ಒಂದು ಹಸಿರು

ನನ್ನ ಗಂಡ ವಿಠ್ಠಲ ಭಟ್ಟರ ಬಗ್ಗೆ ಯಾರಾದರೂ ಕೇಳಿದರೆ ನಾನು ಮೊದಲು ಬೈಯುತ್ತೇನೆ, ಆಮೇಲೆ ಹೇಳುತ್ತೇನೆ. ಉಡುಪಿ ಕಡೆಯಿಂದ ಹದಿನೆಂಟನೇ ವಯಸ್ಸಿಗೆ ಅಹಮದಾಬಾದಿಗೆ ಬಂದು, ನವರಂಗಪುರದಲ್ಲಿ ನನ್ನ ಅಣ್ಣ ಹರೀಶನ ಹೋಟೆಲಿನಲ್ಲಿ ದೋಸೆ ಹುಯ್ಯುತ್ತಿದ್ದ ಮನುಷ್ಯ. ಗಲ್ಲೆಯ ಮೇಲಿನ ಕಂಪ್ಯೂಟರ್ ಕೆಟ್ಟ ದಿನ ಅದನ್ನು ಬಿಚ್ಚಿಕೊಂಡು ಕೂತವರು ಮತ್ತೆ ಏಳಲೇ ಇಲ್ಲ. ಹೋಟೆಲಿನ ಹಿಂದೆ ಅಕ್ಕಿಮೂಟೆ ಇಡುವ ಕೋಣೆಯೇ ಇವರ ಅಂಗಡಿಯಾಯಿತು. ಬೆಳಿಗ್ಗೆ ಹತ್ತರವರೆಗೆ ಕಾವಲಿಯ ಮುಂದೆ, ಆಮೇಲೆ ಹಳೆಯ ಭಾಗಗಳನ್ನು ಜೋಡಿಸಿ ಕಾಲೇಜು ಹುಡುಗರಿಗೆ ಅಗ್ಗದ ಕಂಪ್ಯೂಟರ್ ಕಟ್ಟಿಕೊಡುವುದು. ಊಟಕ್ಕೆ ಮೂರು ಸಲ ಕರೆಯಬೇಕು, ನಾಲ್ಕನೇ ಸಲ ಕಿರುಚಬೇಕು.

ಆಯುಧಪೂಜೆಯ ದಿನ ಹೋಟೆಲಿನಲ್ಲಿ ರುಬ್ಬುವ ಯಂತ್ರಕ್ಕೆ, ಒಲೆಗೆ, ಸೌಟಿಗೂ ಕುಂಕುಮದಲ್ಲಿ ಶ್ರೀ ಬರೆಯುತ್ತಾರಲ್ಲ, ಇವರು ಅದನ್ನು ವರ್ಷವಿಡೀ ಮಾಡಿದರು. ಪರದೆಗೆ ಚಿತ್ರ ಕಳಿಸುವ ಅಂಗೈಯಗಲದ ಒಂದು ಹಲಗೆ ಇರುತ್ತದೆ, ಗ್ರಾಫಿಕ್ಸ್ ಕಾರ್ಡು. ಅದನ್ನು ಪೆಟ್ಟಿಗೆಯೊಳಗೆ ಸಿಕ್ಕಿಸುವ ಮೊದಲು ಅದರ ಬೆನ್ನಿಗೆ ಒದ್ದೆ ಕುಂಕುಮದಲ್ಲಿ ಕಡ್ಡಿಯಿಂದ ಶ್ರೀ, ಕೆಳಗೆ ಗಿರಾಕಿಯ ಹೆಸರಿನ ಮೊದಲ ಅಕ್ಷರ. ಕರೆಂಟಿನ ವಸ್ತುವಿಗೆ ನೀರು ಯಾಕೆ ಎಂದರೆ, "ಒಣಗಿದ ಮೇಲಲ್ವಾ ಕರೆಂಟು ಕೊಡುವುದು, ನೀನು ಸುಮ್ಮನಿರು ಮಾರಾಯ್ತಿ" ಎನ್ನುತ್ತಿದ್ದರು. ನಾನೂ ಸುಮ್ಮನಾದೆ. ನನ್ನಂಥ ಬಾಯಿಬಡುಕಿ ಸುಮ್ಮನಾಗಬಾರದ ಕಡೆಯಲ್ಲೇ ಸುಮ್ಮನಾದೆ.

ಅವರ ಗಿರಾಕಿಗಳಲ್ಲಿ ಚೇತನ್ ಒಬ್ಬ. ಹಾಸನದ ಕಡೆಯಿಂದ ಬ್ಯಾಂಕಿನ ವರ್ಗಾವಣೆಯಲ್ಲಿ ಬಂದಿದ್ದ ಸೀತಾರಾಮ ರಾಯರ ಮಗ, ಎಂಜಿನಿಯರಿಂಗ್ ಮೊದಲ ವರ್ಷ. ಎರಡು ಸಾವಿರದ ಒಂದನೇ ಇಸವಿ ಜನವರಿ ಇಪ್ಪತ್ತೈದರ ಸಂಜೆ ಹೋಟೆಲಿಗೆ ಫೋನು ಮಾಡಿದ. ನಾನೇ ಎತ್ತಿದ್ದು.

"ಆಂಟಿ, ಸ್ಕ್ರೀನ್ ಮೇಲೆ ಲೈನ್ ಬರ್ತಾ ಇದೆ. ಲೆಫ್ಟಿಂದ ಮೂರು ರೆಡ್, ಆಮೇಲೆ ಒಂದು ಗ್ರೀನ್. ಸ್ವಲ್ಪ ಹೊತ್ತು ಬರುತ್ತೆ, ಆಮೇಲೆ ಅಪ್ನೆ ಆಪ್, ತಾನಾಗೇ ಹೋಗುತ್ತೆ."

ಇವರು ನನ್ನ ಕೈಯಿಂದ ಫೋನು ತೆಗೆದುಕೊಂಡರು. "ನಾಳೆ ರಜೆಯಲ್ವಾ. ಎಲ್ಲಿಗೂ ಹೋಗ್ಬೇಡ, ಮನೆಯಲ್ಲೇ ಇರು. ಎಂಟೂವರೆಗೆ ನಾನೇ ಬರ್ತೇನೆ."

ಮರುದಿನ ಧ್ವಜ ಹಾರಿಸಿದವರೆಲ್ಲ ನೇರ ದೋಸೆಗೆ ಬಂದರು. ಹರೀಶಣ್ಣ ಇವರನ್ನು ಕಾವಲಿ ಬಿಟ್ಟು ಹೋಗಲು ಬಿಡಲಿಲ್ಲ. ಎಂಟೂಮುಕ್ಕಾಲಿಗೆ ಭೂಮಿ ನಡುಗಿತು. ರಾಯರೂ ಅವರ ಹೆಂಡತಿ ಗೌರಮ್ಮನವರೂ ಬ್ಯಾಂಕಿನ ಧ್ವಜವಂದನೆಗೆ ಹೋಗಿದ್ದರು. ಅವರಿದ್ದ ನಾಲ್ಕು ಮಹಡಿಯ ಕಟ್ಟಡ ಕುಸಿದು ಕೂತಿತು. ಚೇತನ್ ಒಳಗಿದ್ದ.

ರಾಯರು ವಡೋದರಾಕ್ಕೆ ವರ್ಗ ಮಾಡಿಸಿಕೊಂಡು ಹೋದರು. ಇವರು ಅವರ ಮುಖ ನೋಡಲು ಹೋಗಲೇ ಇಲ್ಲ. ಹುಡುಗ ಸತ್ತದ್ದು ತನ್ನಿಂದಲೇ ಅಲ್ಲವೇ ಎಂಬ ಒಂದೇ ಪ್ರಶ್ನೆ ಇವರನ್ನು ತಿನ್ನುತ್ತಿತ್ತು. ಬಾಯಿ ಬಿಟ್ಟು ಹೇಳಿದ್ದು ಒಮ್ಮೆ ಮಾತ್ರ: "ಅದು ಹಳೇ ಕಾರ್ಡು ಸುಶೀಲಾ. ಹಳೇದು ಕೆಟ್ಟೇ ಕೆಡ್ತದೆ. ಅದಕ್ಕೆ ನಾನೆಂತ ಮಾಡ್ಲಿ?" ಆ ಒಂದು ಮಾತನ್ನು ಹಿಡಿದುಕೊಂಡು ಎರಡು ವರ್ಷ ಊಟ ನಿದ್ದೆ ಮಾಡಿದರು.

ಎರಡು ಸಾವಿರದ ಮೂರರ ಫೆಬ್ರವರಿ. ಸೂರತ್‌ನ ಹಳೆ ಸಾಮಾನಿನ ವ್ಯಾಪಾರಿಯೊಬ್ಬ ಒಂದು ಚೀಲ ತುಂಬ ಭಾಗಗಳನ್ನು ಕಳಿಸಿದ್ದ. ಅದರಿಂದ ಒಂದು ಕಾರ್ಡು ತೆಗೆದು ಇವರು ಹೊಸ ಗಿರಾಕಿಯ ಕಂಪ್ಯೂಟರಿಗೆ ಸಿಕ್ಕಿಸಿದರು. ಮಧ್ಯಾಹ್ನ ಮೂರು ಗಂಟೆ, ಹೋಟೆಲು ಖಾಲಿ. ನಾನು ಕಾಫಿ ತಂದಾಗ ಪರದೆ ಸ್ವಚ್ಛವಾಗಿತ್ತು. ಲೋಟ ಕೆಳಗಿಡುವಷ್ಟರಲ್ಲಿ ಎಡಗಡೆ ಒಂದು ಕೆಂಪು ಪಟ್ಟೆ ಮೂಡಿತು. ಅದರ ಪಕ್ಕ ಇನ್ನೊಂದು. ಇನ್ನೊಂದು. ಸ್ವಲ್ಪ ತಡೆದು ಹಸಿರು.

ಅದೇ ಹೊತ್ತಿಗೆ ಹೋಟೆಲಿನ ಫೋನು ಬಡಿದುಕೊಂಡಿತು. ನಾವಿಬ್ಬರೂ ಎತ್ತಲು ಹೋಗಲಿಲ್ಲ. ಅದು ಬಡಿದು ಬಡಿದು ನಿಂತಿತು, ಪಟ್ಟೆಗಳೂ ಒಂದೊಂದಾಗಿ ಅಳಿಸಿಹೋದವು.

"ಆಫ್ ಮಾಡಿ ಮಾರಾಯ್ರೆ," ಎಂದೆ. "ಅದನ್ನು ತೆಗೆದು ಸಾಬರಮತಿಗೆ ಬಿಸಾಡಿ."

"ಮಾನಿಟರ್ ಇರಬಹುದು," ಎಂದರು. ಮಾನಿಟರ್ ಬದಲಿಸಿದರು. ಹತ್ತು ನಿಮಿಷಕ್ಕೆ ಮೂರು ಕೆಂಪು, ಒಂದು ಹಸಿರು. ಕಾರ್ಡಿನ ಚಿನ್ನದ ಬಣ್ಣದ ಅಂಚನ್ನು ರಬ್ಬರಿನಿಂದ ತಿಕ್ಕಿ ಮತ್ತೆ ಸಿಕ್ಕಿಸಿದರು, ಬೇರೆ ಕಂಪ್ಯೂಟರಿಗೂ ಹಾಕಿ ನೋಡಿದರು. ಅಲ್ಲಿಯೂ ಬಂತು, ಯಾರೋ ಎಣಿಸಿ ಇಟ್ಟ ಹಾಗೆ. ಕೊನೆಗೆ ಧೂಳು ತೆಗೆಯೋಣವೆಂದು ಕಿಟಕಿಯ ಬಳಿ ತಂದು ಬ್ರಶ್ಶಿನಿಂದ ಉಜ್ಜಿದರು. ಉದುರಿದ್ದು ಮನೆಯ ಧೂಳಲ್ಲ, ಬೂದು ಸಿಮೆಂಟಿನ ಪುಡಿ. ಅದರಡಿಯಲ್ಲಿ ಕೆಂಪಗೆ ಇವರದೇ ಅಕ್ಷರದಲ್ಲಿ ಶ್ರೀ, ಕೆಳಗೆ ಚೇ. ಅಕ್ಷರದ ಬಾಲ ಜಾರಿ ಹಲಗೆಯ ಮೇಲಿನ ಒಂದು ಕಪ್ಪು ಚಿಪ್‌ನ ಸಣ್ಣ ಲೋಹದ ಕಾಲುಗಳ ಸಾಲಿನ ಮೇಲೆ ಹರಡಿಕೊಂಡಿತ್ತು, ಕಾಲುಗಳು ಹಸಿರು ಕಿಲುಬು ಹಿಡಿದಿದ್ದವು.

ನನಗೆ ಆ ಕೋಣೆಯಲ್ಲಿ ನಾವು ಮೂವರಿದ್ದೇವೆ ಎನಿಸತೊಡಗಿತ್ತು, ಸುಳ್ಳು ಯಾಕೆ ಹೇಳಲಿ. ಇವರು ಸ್ಪಿರಿಟ್ ಕೇಳಿದರು, ಹಳೆ ಹಲ್ಲುಜ್ಜುವ ಬ್ರಶ್ ಕೇಳಿದರು. ನಾನು ಬೇಡವೆಂದೆ. ತೊಳೆದು ಪಟ್ಟೆ ಉಳಿದರೆ ಕಾರ್ಡು ಹಳೆಯದು ಎನ್ನಬಹುದು, ಹೋದರೆ ಏನೆನ್ನುವುದು? ಅವರು ಒಂದೊಂದೇ ಕಾಲನ್ನು ಉಜ್ಜಿ, ಒಣಗಿಸಿ, ಸಿಕ್ಕಿಸಿ, ಪರದೆಯ ಮುಂದೆ ಕೂತರು. ನಾನು ದೇವರೇ ಪಟ್ಟೆ ಬರಲಿ, ಒಂದಾದರೂ ಬರಲಿ ಎಂದು ಬೇಡಿಕೊಂಡೆ. ಒಂದು ಗಂಟೆ ಕಾದೆವು. ಪರದೆ ತೊಳೆದಿಟ್ಟ ತಟ್ಟೆಯ ಹಾಗೆ ನಿರ್ಮಲವಾಗಿತ್ತು. ಕೆಟ್ಟ ಕಾರ್ಡು ಸರಿಯಾದದ್ದಕ್ಕೆ ಒಬ್ಬ ಗಂಡಸು ಅಷ್ಟು ಅತ್ತದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಭಾನುವಾರ ವಡೋದರಾಕ್ಕೆ ಹೋದೆವು. ಹೋಗಬೇಡಿ, ಆರಿದ ಗಾಯ ಕೆದಕಬೇಡಿ ಎಂದು ದಾರಿಯುದ್ದಕ್ಕೂ ಬೈದೆ. ನನಗೆ ಹೆದರಿಕೆ, ಗೌರಮ್ಮ ಇವರಿಗೆ ಶಾಪ ಹಾಕಿಬಿಟ್ಟರೆ ಎಂದು.

ಗೌರಮ್ಮನವರೇ ಬಾಗಿಲು ತೆಗೆದು ಒಳಗೆ ಕೂರಿಸಿದರು. ರಾಯರು ಕಿಟಕಿಯ ಬಳಿ ನಿಂತಿದ್ದರು. ಇವರು ಬಟ್ಟೆಯಲ್ಲಿ ಸುತ್ತಿದ ಕಾರ್ಡನ್ನು ಟೀಪಾಯಿಯ ಮೇಲಿಟ್ಟು ಎಲ್ಲವನ್ನೂ ಹೇಳಿದರು. ಕೊನೆಗೆ, "ತಪ್ಪು ಕಾರ್ಡಿನದ್ದಲ್ಲ ಅಮ್ಮ. ನಾನು ಬರೆದದ್ದರಿಂದಲೇ ಪಟ್ಟೆ ಬಂದದ್ದು. ಅದಕ್ಕೇ ಅವನು ನನ್ನನ್ನು ಕಾಯ್ತಾ ಕೂತದ್ದು" ಎಂದರು.

ಗೌರಮ್ಮ ಅಳಲಿಲ್ಲ, ಬೈಯಲೂ ಇಲ್ಲ. "ಪಟ್ಟೆ ನಿಜವಾಗ್ಲೂ ಬರ್ತಿತ್ತಾ?" ಎಂದು ಕೇಳಿದರು.

"ಬರ್ತಿತ್ತು ಅಮ್ಮ. ನಾವಿಬ್ಬರೂ ಕಣ್ಣಾರೆ ನೋಡಿದೆವು."

ಗೌರಮ್ಮ ಕಾರ್ಡನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡರು.

"ನಾನು ನೋಡ್ದಾಗೆಲ್ಲ ಸರಿಯಾಗೇ ಇತ್ತು. ನಮ್ಜೊತೆ ಬಾರೋ ಅಂದ್ರೆ ಲೈನ್ ಬರ್ತಿದೆ, ಅಂಕಲ್ ಬರ್ತಾರೆ ಅಂದ. ಸುಳ್ಳು ಹೇಳ್ತಾನೆ, ನಾವು ಆ ಕಡೆ ಹೋದ್ಮೇಲೆ ಫ್ರೆಂಡ್ಸ್ ಜೊತೆ ತಿರುಗೋಕೆ ಹೋಗ್ತಾನೆ ಅಂದ್ಕೊಂಡೆ. ಇವರು ಸ್ಕೂಟರ್ ತೆಗೀತಾ ಇದ್ರು. ಹೊರಗಡೆಯಿಂದ ಬೀಗ ಹಾಕ್ಕೊಂಡು ಇಳಿದುಬಂದೆ."

ರಾಯರು ಕಿಟಕಿಯಿಂದ ತಿರುಗಿ ಹೆಂಡತಿಯನ್ನು ನೋಡಿದರು.