ಪದಕ್ಕೊಬ್ಬ ಮನುಷ್ಯ, ಉಲ್ಟಾಕ್ಕೊಂದು ದಿನ

ಭಾನುವಾರ ಹೈದರಾಬಾದಿನ ಅಬಿಡ್ಸ್‌ನಲ್ಲಿ ಅಂಗಡಿಗಳು ಬಾಗಿಲು ಹಾಕಿದಾಗ ಅವುಗಳ ಮುಂದಿನ ಫುಟ್‌ಪಾತಿನ ತುಂಬ ಹಳೆಯ ಪುಸ್ತಕಗಳು ಹರಡಿಕೊಳ್ಳುತ್ತವೆ. ಆ ಸಾಲಿನಲ್ಲಿ ನಾನೂ ನನ್ನ ಗೆಳತಿಯೂ ಇಂಗ್ಲಿಷಿನ ಕಠಿಣ ಪದಗಳ ಒಂದು ದಪ್ಪ ಪುಸ್ತಕ ಕೊಂಡೆವು. ಅದರ ಹಿಂದಿನ ಒಡೆಯ ಮೊದಲ ಕೆಲವು ಪುಟಗಳಲ್ಲಿ ಪೆನ್ಸಿಲ್ಲಿನಿಂದ ಗೀಟು ಎಳೆದಿದ್ದ. ಆಮೇಲಿನ ಪುಟಗಳನ್ನು ಯಾರೂ ಮುಟ್ಟಿದಂತಿರಲಿಲ್ಲ.

"ಪಾಪ, ಇಲ್ಲಿಗೇ ಬಿಟ್ಟು ಓಡ್ಯಾನ ನೋಡು," ಎಂದಳು ಗೆಳತಿ. "ನಾವು ಈ ಪುಟ ದಾಟಿದ್ರ ಅರ್ಧ ಗೆದ್ದಂಗ."

ಆಗ ಹೈದರಾಬಾದಿಗೆ ಸಾಫ್ಟ್‌ವೇರ್ ಕಂಪನಿಗಳು ಒಂದರ ಹಿಂದೊಂದು ಬರುತ್ತಿದ್ದವು. ಕೆಲಸ ಬೇಕಾದವರು ಮೊದಲು ಲಿಖಿತ ಪರೀಕ್ಷೆ ಬರೆಯಬೇಕಿತ್ತು. ಅದರಲ್ಲಿ ಲೆಕ್ಕ, ತರ್ಕ, ಪ್ರೋಗ್ರಾಮಿಂಗ್ ಎಲ್ಲ ಇರುತ್ತಿದ್ದವು, ಆದರೆ ಮೊದಲ ಭಾಗ ಇಂಗ್ಲಿಷ್ ಪದಗಳದ್ದು. ಅದರಲ್ಲಿ ಪಾಸಾಗದಿದ್ದರೆ ಉಳಿದ ಉತ್ತರಗಳನ್ನು ನೋಡುತ್ತಲೇ ಇರಲಿಲ್ಲ. ನಾನು ಗಣಿತದಲ್ಲಿ ಎಂ.ಎಸ್ಸಿ. ಮುಗಿಸಿ ಅಮೀರ್‌ಪೇಟ್‌ನ ಒಂದು ಇನ್‌ಸ್ಟಿಟ್ಯೂಟಿನಲ್ಲಿ ಪ್ರೋಗ್ರಾಮಿಂಗ್ ಕಲಿಯುತ್ತಿದ್ದೆ. ಇಂಗ್ಲಿಷ್ ಮಾಧ್ಯಮದಲ್ಲೇ ಓದಿದವಳಾದರೂ ಆ ಪದಗಳನ್ನು ನಾನು ಯಾರ ಬಾಯಲ್ಲೂ ಕೇಳಿರಲಿಲ್ಲ. ಎರಡು ಕಂಪನಿಗಳ ಪರೀಕ್ಷೆಯಲ್ಲಿ ಅವೇ ನನ್ನನ್ನು ಬಾಗಿಲಲ್ಲಿ ನಿಲ್ಲಿಸಿದ್ದವು. ರಾಯಚೂರಿನಿಂದ ಬಂದು ಅಮೀರ್‌ಪೇಟ್‌ನ ಹಾಸ್ಟೆಲ್‌ನಲ್ಲಿದ್ದ ನನ್ನ ಗೆಳತಿ ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದವಳು. ಅವಳ ಕತೆಯೂ ಅದೇ.

ಇನ್ನು ಉಳಿದದ್ದು ಒಂದು ದೊಡ್ಡ ಕಂಪನಿಯ ಪರೀಕ್ಷೆ. ಅದೂ ಆಗದಿದ್ದರೆ ಅವಳು ರಾಯಚೂರಿಗೆ ಮರಳಿ ಒಂದು ಶಾಲೆಯಲ್ಲಿ ಕಂಪ್ಯೂಟರ್ ಟೀಚರ್ ಆಗಬೇಕೆಂದು ಅವಳ ಅಪ್ಪ ಹೇಳಿಯಾಗಿತ್ತು. ನನ್ನ ಅಪ್ಪ ಉಪ್ಪಲ್ ಬಳಿ ಕೇಂದ್ರ ಸರ್ಕಾರದ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಿದ್ದರು. ಅಲ್ಲಿನ ಗುಮಾಸ್ತರ ಹುದ್ದೆಗೆ ಅರ್ಜಿ ಹಾಕಲು ನನಗೆ ಸೂಚಿಸಿದ್ದರು. ಅಪ್ಪ ಸೂಚಿಸಿದರೆಂದರೆ ತೀರ್ಮಾನಿಸಿದರೆಂದೇ ಅರ್ಥ. ನನಗೆ ಪ್ರೋಗ್ರಾಂ ಬರೆಯುವುದು ಬೇಕಿತ್ತು. ಪರದೆಯ ಮೇಲೆ ನಾನು ಬರೆದ ಸಾಲುಗಳು ಯಾರ ಜೊತೆಗೂ ಮಾತಾಡದೆ ಕೆಲಸ ಮಾಡುತ್ತಿದ್ದವು. ಅಂಥ ಸುಖ ನನಗೆ ಬೇರೆಲ್ಲೂ ಸಿಕ್ಕಿರಲಿಲ್ಲ.

ಉರು ಹೊಡೆದು ನೋಡಿದೆವು. ಸೋಮವಾರ ಕಲಿತದ್ದು ಬುಧವಾರಕ್ಕೆ ಇರುತ್ತಿರಲಿಲ್ಲ. ಒಂದು ಮಧ್ಯಾಹ್ನ ಹಾಸ್ಟೆಲ್‌ನ ಕೋಣೆಯಲ್ಲಿ ಕೂತಿದ್ದಾಗ ಫ್ಯಾನು ಇದ್ದಕ್ಕಿದ್ದಂತೆ ನಿಂತಿತು. ಹಾಸ್ಟೆಲ್ ನಡೆಸುವ ತೆಲುಗು ಆಂಟಿ ಹೊರಗಿನಿಂದ ಮೇನ್ ಸ್ವಿಚ್ ಆರಿಸಿದ್ದರು. ಗೆಳತಿ ಬಾಗಿಲಿಗೆ ಹೋಗಿ ಬೇಡಿಕೊಂಡಳು. "ಕರೆಂಟ್ ಬಿಲ್ಲು ಮೀ ನಾನ್ನ ಕಡತಾಡಾ?" ಎಂಬ ಉತ್ತರ ಮೆಟ್ಟಿಲಿಳಿಯುತ್ತಲೇ ಬಂತು. ಬಿಲ್ಲು ನಿಮ್ಮಪ್ಪ ಕಟ್ಟುತ್ತಾನೇನು ಎಂದು.

ಗೆಳತಿ ಬೆವರೊರೆಸಿಕೊಳ್ಳುತ್ತ ಬಂದು ಕೂತು, ತೆರೆದಿದ್ದ ಪುಟದ ಮೇಲೆ ಬೆರಳಿಟ್ಟಳು. "ಪಾರ್ಸಿಮೋನಿಯಸ್. ಕೈ ಬಿಗಿ ಹಿಡಿಯೋರು, ಜಿಪುಣರು. ಇದು ಆಂಟೀನ! ಲೇ, ಇದನ್ನ ಇನ್ನ ಸತ್ತ್ರೂ ಮರಿಯಂಗಿಲ್ಲ."

ಮರೆಯಲೂ ಇಲ್ಲ. ನಮ್ಮ ಪದ್ಧತಿ ಹಾಗೆ ಶುರುವಾಯಿತು: ಪ್ರತಿ ಪದವನ್ನೂ ನಮಗೆ ಗೊತ್ತಿರುವ ಒಬ್ಬ ಮನುಷ್ಯನಿಗೆ ಅಂಟಿಸಬೇಕು. ಪದ ಕಂಡ ಕೂಡಲೇ ಮುಖ ಕಾಣಬೇಕು.

ಅವಳಿಗೆ ಇದು ಆಟ. ನನಗೆ ಹಿಂಸೆ. ಹಾಸ್ಟೆಲ್‌ನಲ್ಲಿ ಅವಳಿಗೆ ಗೊತ್ತಿದ್ದ ಮುಖಗಳು ಬೇಗ ಮುಗಿದವು. ಆಮೇಲೆ ಉಪ್ಪಲ್‌ನಲ್ಲಿ ನಾವಿದ್ದ ಕಾಲೋನಿಗೆ ಕೈ ಹಾಕಿದಳು. ಭಾನುವಾರ ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದಳು, ಅವ್ವ ಮಾಡಿದ ಜೋಳದ ರೊಟ್ಟಿ ತಿನ್ನುತ್ತ ಸುತ್ತಲೂ ನೋಡುತ್ತಿದ್ದಳು. ಊಟವಾದ ಮೇಲೆ ಮಹಡಿಯ ಮೇಲೆ ಕೂತು ಕೇಳುವಳು: "ಹೇಳು ಲೇ, ಕೆಳಗಿನ ಮನಿ ಆಂಟಿ ಹ್ಯಾಂಗ?"

"ಛೊಲೋ ಅದಾರ."

"ಎಲ್ಲಾರೂ ಛೊಲೋ ಅದಾರ ಅಂದ್ರ ನಾ ಪರೀಕ್ಷಾದಾಗ ಏನ್ ಬರೀಲಿ? ಇಂಗ್ಲಿಷಿನ್ಯಾಗ ಒಂದs ಶಬ್ದ ಐತೇನು, ಛೊಲೋ ಅಂತ?"

ಅಷ್ಟರಲ್ಲಿ ಕೆಳಗಿನ ಮನೆಯ ಆಂಟಿಯೇ ಉತ್ತರ ಕೊಟ್ಟರು. ತರಕಾರಿ ಗಾಡಿ ಬೀದಿಯ ಆ ತುದಿಯಲ್ಲಿತ್ತು. ಗೇಟಿನಿಂದಲೇ ಅವರು ಅದನ್ನು ಕೂಗಿ ನಿಲ್ಲಿಸಿ, ಅಲ್ಲಿಂದಲೇ ಟೊಮೆಟೊ ಚೌಕಾಸಿ ಮುಗಿಸಿದರು. ಗೆಳತಿ ಪುಟ ತಿರುವಿದಳು. ವೊಸಿಫರಸ್, ಗಟ್ಟಿ ದನಿಯಲ್ಲಿ ಗದ್ದಲ ಮಾಡುವವರು. ಅದು ಅವರಿಗೆ ಅಂಟಿತು.

"ಕಾಕಾಗ ಏನ್ ಕೊಡೋಣು?" ಎಂದಳು. ನನ್ನ ಅಪ್ಪನನ್ನು ಅವಳು ಕಾಕಾ ಎನ್ನುತ್ತಿದ್ದಳು.

"ಅಪ್ಪನ್ನ ಬಿಡು."

ಬಿಡಲಿಲ್ಲ. ಆ ವಾರವೇ ಪೇಪರ್ ಹಾಕುವವನು ಕನ್ನಡದ್ದರ ಬದಲು ತೆಲುಗು ಪತ್ರಿಕೆ ಹಾಕಿ ಹೋದದ್ದಕ್ಕೆ ಅಪ್ಪ ಇಡೀ ಬೀದಿಗೆ ಕೇಳುವಂತೆ ಗುಡುಗಿದ್ದರು, ಅವಳು ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಂಡಿದ್ದಳು. ಇರಾಸಿಬಲ್, ಮೂಗಿನ ತುದಿಯಲ್ಲೇ ಕೋಪ ಇರುವವರು. ನಾನು ಒಪ್ಪಿಗೆ ಕೊಡಲಿಲ್ಲ. ಆದರೆ ಆ ಪದ ಕಂಡಾಗಲೆಲ್ಲ ಅಪ್ಪನ ಮೂಗು ನನ್ನ ಕಣ್ಣಮುಂದೆ ಬಂದುಬಿಡುತ್ತಿತ್ತು.

ನನಗೂ ಒಂದು ಇತ್ತು. ಟ್ಯಾಸಿಟರ್ನ್, ಬಾಯಿ ಬಿಚ್ಚದವರು. ಅದನ್ನು ಅಂಟಿಸಲು ಅವಳು ಒಂದು ಕ್ಷಣವೂ ಯೋಚಿಸಲಿಲ್ಲ.

ಕೆಲವು ವಾರಗಳಲ್ಲಿ ಪುಸ್ತಕದ ಬಹುಭಾಗ ಮುಖಗಳಿಂದ ತುಂಬಿತು. ಗೀಟುಗಳು ನಿಂತುಹೋಗಿದ್ದ ಪುಟವನ್ನು ಯಾವಾಗಲೋ ದಾಟಿದ್ದೆವು. ಎದೆಯುಬ್ಬಿಸಿ ಇನ್‌ಸ್ಟಿಟ್ಯೂಟಿನ ಅಭ್ಯಾಸ ಪರೀಕ್ಷೆಗೆ ಕೂತೆವು. ಇಬ್ಬರೂ ಫೇಲಾದೆವು.

ಕಾರಣ ಸರಳ. ಆ ಪರೀಕ್ಷೆಯ ಹೆಚ್ಚಿನ ಪ್ರಶ್ನೆಗಳು ಪದದ ಅರ್ಥವನ್ನು ಕೇಳುತ್ತಿರಲಿಲ್ಲ, ವಿರುದ್ಧ ಪದವನ್ನು ಕೇಳುತ್ತಿದ್ದವು. ಅದು ನಮಗೆ ಗೊತ್ತಿತ್ತು. ಆದರೆ ಪಾರ್ಸಿಮೋನಿಯಸ್ ಎಂದು ಓದಿದೊಡನೆ ಆಂಟಿ ಸ್ವಿಚ್ಚಿನ ಬಳಿ ನಿಂತುಬಿಡುತ್ತಿದ್ದರು. ಪ್ರಶ್ನೆ ಬರೆದವರು ಆಯ್ಕೆಯ ಉತ್ತರಗಳಲ್ಲಿ ಜಿಪುಣತನದ ಹತ್ತಿರದ ಪದವೊಂದನ್ನು ಬೇಕೆಂದೇ ಇಟ್ಟಿರುತ್ತಿದ್ದರು. ಕೈ ತಾನಾಗಿ ಅಲ್ಲಿಗೇ ಹೋಗುತ್ತಿತ್ತು. ಬೇರೆಯವರು ಪದ ಗೊತ್ತಿಲ್ಲದೆ ತಪ್ಪಿದ್ದರು. ನಾವು ಅದನ್ನು ಅತಿಯಾಗಿ ಬಲ್ಲವರಾಗಿ ತಪ್ಪಿದ್ದೆವು.

ಉಲ್ಟಾ ಪದಗಳಿಗೆ ಬೇರೆ ಮುಖ ಹುಡುಕಿದೆವು. ಅದರಿಂದ ಗೊಂದಲ ಇಮ್ಮಡಿಯಾಯಿತು. ಒಂದು ಪದಕ್ಕೆ ಇಬ್ಬರು ಬಂದು ತಲೆಯೊಳಗೆ ಜಗಳವಾಡುತ್ತಿದ್ದರು.

ಅಷ್ಟರಲ್ಲಿ ಗೆಳತಿಗೆ ಜ್ವರ ಬಂತು. ನೋಡಲು ಹಾಸ್ಟೆಲ್‌ಗೆ ಹೋದೆ. ಹಗಲಿನಲ್ಲಿ ಫ್ಯಾನು ಪೂರ್ತಿ ವೇಗದಲ್ಲಿ ತಿರುಗುತ್ತಿತ್ತು. ಮಂಚದ ಪಕ್ಕದಲ್ಲಿ ಎಳನೀರು ಇತ್ತು. ಅದೇ ಆಂಟಿ ಒಂದು ಲೋಟ ರಾಗಿ ಗಂಜಿ ತಂದು, ಕುಡಿದು ಮುಗಿಸುವವರೆಗೂ ಸೊಂಟದ ಮೇಲೆ ಕೈಯಿಟ್ಟು ನಿಂತರು. ಅವರು ಹೊರಗೆ ಹೋದ ಮೇಲೆ ಗೆಳತಿ ಗೊಣಗಿದಳು: "ಈ ಆಂಟಿ ನನ್ನ ಪದಾನ ಹಾಳ ಮಾಡಿಬಿಟ್ರು. ಬೆಳಿಗ್ಗಿಯಿಂದ ಹಿಂಗ ಮಾಡಾಕತ್ತಾರ. ಇನ್ನ ಜಿಪುಣರು ಅಂತ ಹ್ಯಾಂಗ ಅನ್ನಲಿ?"

ನಾನು ಫ್ಯಾನನ್ನೇ ನೋಡುತ್ತಿದ್ದೆ.

"ಹಾಳಾಗಿಲ್ಲ," ಎಂದೆ. "ಉಲ್ಟಾ ಸಿಕ್ಕದ. ಮನುಷ್ಯಾ ಅವs ಇರ್ಲಿ. ದಿನ ಬ್ಯಾರೆ."

ಅವಳು ಎದ್ದು ಕೂತಳು. ಜ್ವರದಲ್ಲೂ ಅವಳ ಕಣ್ಣು ಹೊಳೆದದ್ದು ನನಗೆ ನೆನಪಿದೆ. ನಮ್ಮ ಹೊಸ ನಿಯಮ ಅದು. ಪ್ರತಿಯೊಬ್ಬರೂ ತಮ್ಮ ಪದಕ್ಕೆ ತಿರುಗಿಬಿದ್ದ ಒಂದು ದಿನವನ್ನು ಹುಡುಕಬೇಕು. ಪದದ ಅರ್ಥ ಬೇಕಾದರೆ ಸ್ವಿಚ್ಚು ಆರಿಸುವ ಆಂಟಿ, ವಿರುದ್ಧ ಪದ ಬೇಕಾದರೆ ಎಳನೀರಿನ ಆಂಟಿ.

ಈಗ ನಿಜವಾದ ಕೆಲಸ ನನ್ನ ಪಾಲಿಗೆ ಬಂತು, ಏಕೆಂದರೆ ಆ ದಿನಗಳು ನನಗೆ ಮಾತ್ರ ಗೊತ್ತಿದ್ದವು. ಯಾರಿಗೂ ಹೇಳದೆ ಇಟ್ಟುಕೊಂಡಿದ್ದವನ್ನು ಒಂದೊಂದಾಗಿ ತೆಗೆಯಬೇಕಾಯಿತು. ಕೆಳಗಿನ ಮನೆಯ ಆಂಟಿ ಅವ್ವನ ಆಪರೇಷನ್ನಿನ ದಿನ ಆಸ್ಪತ್ರೆಯ ಬೆಂಚಿನ ಮೇಲೆ ನನ್ನ ಪಕ್ಕ ಕೂತಿದ್ದರು. ಬೆಳಗಿನಿಂದ ಸಂಜೆಯವರೆಗೂ ಒಂದು ಮಾತೂ ಆಡಲಿಲ್ಲ. ನನ್ನ ಕೈಯನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡಿದ್ದರು, ಅಷ್ಟೇ. ಅದನ್ನು ಹೇಳಿ ಮುಗಿಸಿದಾಗ ಗೆಳತಿ ಪೆನ್ನು ಮುಚ್ಚಿ, "ಇದು ಗಟ್ಟಿ ಕುಂತ್ತು," ಎಂದಳು. ಅಲ್ಲಿಗೇ ಬಿಟ್ಟು ಮುಂದಿನ ಪುಟ ತಿರುವಿದಳು. ಅದಕ್ಕೆ ನಾನು ಅವಳಿಗೆ ಋಣಿ.

ಅಪ್ಪನ ದಿನವನ್ನು ಹೇಳಲು ನನಗೆ ಒಂದು ವಾರ ಹಿಡಿಯಿತು. ಎರಡನೆಯ ಕಂಪನಿಯಲ್ಲಿ ಫೇಲಾಗಿ ಮನೆಗೆ ಬಂದ ಸಂಜೆ ನಾನು ಗುಡುಗಿಗೆ ಸಿದ್ಧಳಾಗಿ ಅಡುಗೆಮನೆಯಲ್ಲಿ ಕೂತಿದ್ದೆ. ಅಪ್ಪ ಬಂದರು. ಬುಟ್ಟಿಯಿಂದ ಒಂದು ಸೀತಾಫಲ ತೆಗೆದು ಬಿಡಿಸಿ, ಬೀಜಗಳನ್ನೆಲ್ಲ ತೆಗೆದು, ತಿರುಳನ್ನು ಬಟ್ಟಲಿಗೆ ಹಾಕಿ ನನ್ನ ಮುಂದಿಟ್ಟರು. ಸೀತಾಫಲದ ಬೀಜ ತೆಗೆಯುವುದು ತಾಳ್ಮೆಯ ಕೆಲಸ. ಅಪ್ಪ ಅದನ್ನು ತಮಗಾಗಿ ಕೂಡ ಎಂದೂ ಮಾಡಿಕೊಂಡವರಲ್ಲ. ಇರಾಸಿಬಲ್‌ನ ಉಲ್ಟಾ ಪ್ಲಾಸಿಡ್, ಶಾಂತವಾಗಿರುವವರು. ನನ್ನ ಮಟ್ಟಿಗೆ ಆ ಪದಕ್ಕೆ ಸೀತಾಫಲದ ವಾಸನೆ.

ಪರೀಕ್ಷೆಯ ಹಿಂದಿನ ದಿನ ಒಂದೇ ಪದ ಬಾಕಿ ಉಳಿಯಿತು.

"ನಿಂದು ಉಲ್ಟಾ ದಿನಾನ ಸಿಗವಲ್ದು," ಎಂದಳು ಅಮೀರ್‌ಪೇಟ್ ಬಸ್‌ಸ್ಟಾಪಿನಲ್ಲಿ. "ನೀ ಭಾಳ ಮಾತಾಡಿದ ದಿನ ಒಂದರ ಐತಿ? ಹುಟ್ಟಿದ ದಿನ ಅತ್ತಿದ್ಯೋ ಇಲ್ಲೋ, ಅದs ನನಗ ಡೌಟ್."

ನನ್ನ ಬಸ್ಸು ಬಂತು. ನಾನು ಹತ್ತಿಬಿಟ್ಟೆ.

"ನೋಡು, ಮತ್ತs ಸುಮ್ನ ಹೊಂಟ್ಲು!" ಎಂದು ಅವಳು ಕೆಳಗಿನಿಂದ ಕೂಗಿದಳು. ಇಡೀ ಬಸ್ಸು ನನ್ನನ್ನು ನೋಡಿತು.

ಪರೀಕ್ಷೆ ನಗರದ ಹೊರಗಿನ ಒಂದು ಕಾಲೇಜಿನಲ್ಲಿ ನಡೆಯಿತು. ಪ್ರಶ್ನೆಪತ್ರಿಕೆ ತೆರೆದೆ. ಮೊದಲ ಪುಟದಲ್ಲೇ ಹಾಸ್ಟೆಲ್ ಆಂಟಿ ಎಳನೀರು ಹಿಡಿದು ನಿಂತಿದ್ದರು. ಎರಡನೆಯ ಪುಟದಲ್ಲಿ ಕೆಳಗಿನ ಮನೆಯ ಆಂಟಿ ಆಸ್ಪತ್ರೆಯ ಬೆಂಚಿನ ಮೇಲೆ ಸುಮ್ಮನೆ ಕೂತಿದ್ದರು. ಅಪ್ಪ ಸೀತಾಫಲ ಬಿಡಿಸುತ್ತಿದ್ದರು. ಕಾಲೋನಿಯೇ ಸಾಲಾಗಿ ಬಂದು ನನ್ನ ಪರವಾಗಿ ಉತ್ತರ ಹೇಳಿದಂತಿತ್ತು. ಎರಡು ಸಾಲು ಮುಂದೆ ಕೂತಿದ್ದ ಗೆಳತಿಯ ಭುಜ ನಗುವಿಗೆ ಅಲುಗುತ್ತಿತ್ತು. ಅವಳಿಗೂ ಅವರೆಲ್ಲ ಕಾಣುತ್ತಿದ್ದಾರೆಂದು ನನಗೆ ತಿಳಿಯಿತು.

ಮಧ್ಯಾಹ್ನವೇ ಪಾಸಾದವರ ನಂಬರುಗಳನ್ನು ಕಾಲೇಜಿನ ಗೋಡೆಗೆ ಅಂಟಿಸಿದರು. ಇಬ್ಬರದೂ ಇತ್ತು. ಸಂಭ್ರಮಕ್ಕೆ ಸಮಯವಿರಲಿಲ್ಲ, ಏಕೆಂದರೆ ಅಂದೇ ಇಂಟರ್‌ವ್ಯೂ. ಪ್ಲೈವುಡ್ಡಿನಿಂದ ಮರೆ ಮಾಡಿದ ಒಂದು ಕೋಣೆಗೆ ಮೊದಲು ನನ್ನನ್ನು ಕರೆದರು. ಗೆಳತಿ ಹೊರಗೆ ಕುರ್ಚಿಯಲ್ಲಿ ಕೂತಳು. ನನಗೆ ಭಯವಿದ್ದದ್ದು ಇದರದೇ. ಪದ ಕಲಿಯಬಹುದು. ಅಪರಿಚಿತರ ಮುಂದೆ ಬಾಯಿ ತೆರೆಯುವುದನ್ನು ಯಾವ ಪುಸ್ತಕದಿಂದ ಕಲಿಯುವುದು?

ಒಳಗೆ ಒಬ್ಬ ನಡುವಯಸ್ಸಿನ ಗಂಡಸು, ಒಬ್ಬ ಹೆಂಗಸು. ಪ್ರೋಗ್ರಾಮಿಂಗ್ ಬಗ್ಗೆ ಕೇಳಿದ ಪ್ರಶ್ನೆಗಳಿಗೆ ನಾನು ಒಂದೊಂದು ವಾಕ್ಯದಲ್ಲಿ ಸರಿಯಾಗಿಯೇ ಉತ್ತರಿಸಿದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಂಥವಳನ್ನು ತಂಡದಲ್ಲಿ ಕೂರಿಸಿಕೊಂಡು ಏನು ಮಾಡುವುದೆಂಬ ಅನುಮಾನ ಆ ನೋಟದಲ್ಲಿತ್ತು. ನನಗೆ ಚಹಾ ತರಿಸಿ, ಮುಗಿಸುವ ಧಾಟಿಯಲ್ಲಿ ಹೆಂಗಸು ಇಂಗ್ಲಿಷಿನಲ್ಲಿ ಕೇಳಿದರು: "ಪದಗಳ ಭಾಗದಲ್ಲಿ ನೀವು ಬಹುತೇಕ ಎಲ್ಲವನ್ನೂ ಸರಿ ಮಾಡಿದ್ದೀರಿ. ಹೇಗೆ ಓದಿದಿರಿ?"

ಒಂದೇ ವಾಕ್ಯದಲ್ಲಿ ಹೇಳಲು ಹೊರಟೆ. ಆಗಲಿಲ್ಲ. ಪದ್ಧತಿ ಅರ್ಥವಾಗಬೇಕಾದರೆ ಫ್ಯಾನು ಹೇಳಬೇಕು, ಫ್ಯಾನು ಹೇಳಿದರೆ ಎಳನೀರು ಹೇಳಬೇಕು. ಅಭ್ಯಾಸ ಪರೀಕ್ಷೆಯಲ್ಲಿ ಎಲ್ಲಿ ಎಡವಿದೆವು, ಅದನ್ನು ಹೇಗೆ ಪತ್ತೆ ಹಚ್ಚಿದೆವು, ಒಂದು ಪದಕ್ಕೆ ಎರಡು ಮುಖ ಕೊಟ್ಟರೆ ಏಕೆ ಕೆಡುತ್ತದೆ, ಒಂದೇ ಮುಖಕ್ಕೆ ಎರಡು ದಿನ ಕೊಟ್ಟರೆ ಏಕೆ ನಿಲ್ಲುತ್ತದೆ, ಎಲ್ಲವನ್ನೂ ಹೇಳಿದೆ. ಗಂಡಸು ಪೆನ್ನು ಕೆಳಗಿಟ್ಟು ಕುರ್ಚಿಗೆ ಒರಗಿದರು. ತರಕಾರಿ ಗಾಡಿಯ ಪ್ರಸಂಗಕ್ಕೆ ಜೋರಾಗಿ ನಕ್ಕರು. ಸೀತಾಫಲಕ್ಕೆ ನಗಲಿಲ್ಲ.

"ನಿಮ್ಮ ಗೆಳತಿ ನಿಮಗೆ ಯಾವ ಪದ ಕೊಟ್ಟಿದ್ದರು?" ಎಂದು ಹೆಂಗಸು ಕೇಳಿದರು.

"ಟ್ಯಾಸಿಟರ್ನ್," ಎಂದೆ. "ಅದರ ಉಲ್ಟಾ ದಿನ ಇನ್ನೂ ಸಿಕ್ಕಿಲ್ಲ."

ಅವರು ನನ್ನ ಮುಂದಿನ ಕಪ್ಪನ್ನು ನೋಡಿದರು. ನಾನೂ ನೋಡಿದೆ. ನಾನು ಮುಟ್ಟದ ಚಹಾ ಕೆನೆಗಟ್ಟಿತ್ತು. ಆಗ ನನಗೆ ಗೊತ್ತಾಯಿತು, ಅಷ್ಟು ಹೊತ್ತೂ ಆ ಕೋಣೆಯಲ್ಲಿ ಮಾತಾಡುತ್ತಿದ್ದವಳು ನಾನೊಬ್ಬಳೇ.

ಹೊರಗೆ ಬಂದೆ. ಪ್ಲೈವುಡ್ಡಿನ ಗೋಡೆ ನನ್ನ ಒಂದು ಮಾತನ್ನೂ ಮುಚ್ಚಿಟ್ಟಿರಲಿಲ್ಲ. ಗೆಳತಿ ಕುರ್ಚಿಯ ಅಂಚಿನಲ್ಲಿ, ಬಾಯಿಗೆ ದುಪ್ಪಟ್ಟಾ ಒತ್ತಿಕೊಂಡು ಕೂತಿದ್ದಳು.

"ಒಳಗ ಬ್ಯಾರೆ ಯಾರನ್ನರ ಕೂಡಿಸ್ಯಾರೇನು ಅಂತ ಎರಡು ಸಲ ಎದ್ದು ನೋಡಿದೆ ನಾ," ಎಂದಳು. "ಸಿಕ್ತಲೇ! ಇವತ್ತs ನಿನ್ನ ಉಲ್ಟಾ ದಿನ!" ಅದೇ ಗುಂಗಿನಲ್ಲಿ ತನ್ನ ಸರದಿಗೆ ನಗುನಗುತ್ತ ಒಳಗೆ ಹೋದಳು. ಅವಳ ನಗು ಗೋಡೆಯಾಚೆಯಿಂದಲೂ ಕೇಳುತ್ತಿತ್ತು.

ಸಂಜೆ ಹೆಸರುಗಳನ್ನು ಓದಿದರು. ಮೊದಲು ಅವಳದು ಬಂತು, ಅದಾದ ಕೆಲವು ಹೆಸರುಗಳ ನಂತರ ನನ್ನದು. ಅವಳು ನನ್ನನ್ನು ಎತ್ತಿ ತಿರುಗಿಸಿದಳು. ಸಾಮಾನ್ಯವಾಗಿ ಅಂಥದ್ದನ್ನು ನಾನು ಯಾರಿಗೂ ಬಿಟ್ಟುಕೊಡುವವಳಲ್ಲ. ಅಂದು ಬಿಟ್ಟುಕೊಟ್ಟೆ.

ಉಪ್ಪಲ್‌ಗೆ ಇಬ್ಬರೂ ಒಟ್ಟಿಗೆ ಹೋದೆವು. ಗೇಟಿನಲ್ಲೇ ಸಿಕ್ಕ ಕೆಳಗಿನ ಮನೆಯ ಆಂಟಿ ಸುದ್ದಿ ಕೇಳಿದ್ದೇ ತಡ, ನಾವು ಮೆಟ್ಟಿಲು ಹತ್ತುವಷ್ಟರಲ್ಲಿ ಬೀದಿಯ ಆ ತುದಿಗೂ ಮುಟ್ಟಿಸಿದ್ದರು. ಅಪ್ಪ ಬಾಲ್ಕನಿಯಿಂದ ಬಗ್ಗಿ, "ಯಾಕ್ರೀ, ದಿಲ್ಲಿಗೂ ಕೇಳಬೇಕೇನು?" ಎಂದು ಗುಡುಗಿದರು. ಗುಡುಗುತ್ತಲೇ ನಗುತ್ತಿದ್ದರು. ಗುಮಾಸ್ತರ ಅರ್ಜಿಯ ಮಾತು ಆ ಮನೆಯಲ್ಲಿ ಮತ್ತೆ ಬರಲಿಲ್ಲ.

ಊಟಕ್ಕೆ ಕೂತಾಗ ಅಪ್ಪ ನನ್ನ ಕಡೆ ತಿರುಗಿದರು. "ಏನೇನ್ ಕೇಳಿದ್ರು ಒಳಗ?"

ಗೆಳತಿ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು. ನಾನು ತಟ್ಟೆ ನೋಡಿದೆ.

"ಪದಗಳ ಬಗ್ಗೆ ಕೇಳಿದ್ರು. ಹೇಳಿದೆ."

"ಅಷ್ಟs?"

"ಅಷ್ಟs."

"ಕಾಕಾ, ಸುಳ್ಳರೀ!" ಎಂದಳು ಗೆಳತಿ. ನಗು ತಡೆಯಲಾರದೆ ಅವಳ ಕಣ್ಣಲ್ಲಿ ನೀರು ಬಂದಿತ್ತು. "ಈಕಿ ಮಾತಾಡಿ ಮಾತಾಡಿ ಅವರ ತಲಿ ತಿಂದು ಕೆಲಸ ತಗೊಂಡಾಳ್ರೀ!"

ಅಪ್ಪ ಅವಳನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ನಾನು ಬಾಯಿ ಬಿಚ್ಚಲಿಲ್ಲ.

"ಈಕಿ?" ಎಂದು ತಲೆಯಾಡಿಸಿದರು ಅಪ್ಪ. "ಚೇಷ್ಟಿ ಮಾಡಬ್ಯಾಡವಾ. ಇನ್ನೊಂದು ರೊಟ್ಟಿ ಹಾಕ್ಕೋ."